ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗದ ಹಳೇ ಡಿಐ ಪಿಕಪ್: ಬಿಚ್ಚುವ ಮೊದಲು ಏನೇನು ನೋಡಬೇಕು?

ಯಾಣದ ದಾರಿ, ಶಿರಸಿ
2006ರ ಡಿಐ ಪಿಕಪ್, ಅಂದರೆ ಡೀಸೆಲ್ ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್ನಿನದು. ನಾಲ್ಕು ಸಿಲಿಂಡರ್, ಮೆಕ್ಯಾನಿಕಲ್ ಇನ್‌ಲೈನ್ ಪಂಪ್, ಹೀಟರ್ ಪ್ಲಗ್ ಇಲ್ಲದ ಎಂಜಿನ್. ರಾತ್ರಿ ನಿಂತ ಗಾಡಿ ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೇ ಸ್ಟಾರ್ಟ್ ಆಗೋದು. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಮಾತ್ರ ಸಲೀಸು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತಕರಾರಿಲ್ಲ. ಬ್ಯಾಟರಿ ಒಂದು ವರ್ಷದ್ದು, ಡೀಸೆಲ್ ಫಿಲ್ಟರ್ ಬದಲಿಸಿ ಎರಡು ತಿಂಗಳು. ಒಂದು ಗ್ಯಾರೇಜಿನಲ್ಲಿ ಡೀಸೆಲ್ ಸಿಂಪಡಿಸುವ ನಾಝಲ್ ಅಂದರು, ಇನ್ನೊಂದರಲ್ಲಿ ನೇರ ಸಿಲಿಂಡರ್ ಕೊರೆಸುವ ಬೋರ್ ಕೆಲಸಕ್ಕೇ ಬಂದರು. ಅಡಿಕೆ ಕೊಯ್ಲಿನ ಹೊತ್ತಿಗೆ ಎಂಜಿನ್ ಬಿಚ್ಚಿ ಕೂರಲು ಆಗ್ತಿಲ್ಲ. ಮೊದಲು ಏನು ನೋಡಲಿ?

ಹದಿನೇಳರ ಪಾನಾ, ಕುಮಟಾ
ಪಾನಾ ಕೈಗೆತ್ತಿಕೊಳ್ಳುವ ಮೊದಲು ಸೈಲೆನ್ಸರ್ ಹಿಂದೆ ಒಬ್ಬರನ್ನು ನಿಲ್ಲಿಸಿ. ಸೆಲ್ಫ್ ತಿರುಗುವಾಗ ಹೊಗೆ ಬರ್ತದೋ ಇಲ್ಲವೋ, ಬಂದರೆ ಎಷ್ಟು ಹೊತ್ತಿಗೆ, ಯಾವ ಬಣ್ಣ, ಅಷ್ಟು ಬೇಕು.

ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗ್ತಿಲ್ಲ. ಲೈನಿನಲ್ಲಿ ಏರ್ ಇರಬೇಕು, ಇಲ್ಲವೇ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗದೆ, ಡೀಸೆಲ್ ಅಳತೆ ಹಿಡಿಯುವ ಪಂಪಿನ ರ‍್ಯಾಕ್ ಅರ್ಧಕ್ಕೇ ನಿಂತಿರಬೇಕು. ಕೇಬಲ್ಲನ್ನು ಬಾನೆಟ್ ತೆಗೆದು ಕೈಯಲ್ಲೇ ನೋಡಿ, ಅರ್ಧ ನಿಮಿಷದ ಕೆಲಸ.

ಬಿಳಿ ಹೊಗೆ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆ ಅಂದರೆ ಡೀಸೆಲ್ ಬರ್ತಿದೆ, ಹೊತ್ತಿಕೊಳ್ತಿಲ್ಲ. ಎಂಜಿನ್ ನಿಧಾನ ತಿರುಗ್ತಿದೆ, ಅಥವಾ ಕಂಪ್ರೆಷನ್ ಇಲ್ಲ, ಅಥವಾ ನಾಝಲ್ ಸಿಂಪಡಿಸುವ ಬದಲು ಉಚ್ಚೆ ಹೊಯ್ತಿದೆ. ಕಪ್ಪು ಹೊಗೆ ಇದ್ದರೆ ಏರ್ ಫಿಲ್ಟರ್ ಕಡೆ ಹೋಗಿ.

ನಾಝಲ್ಲೋ ಬೋರೋ ಅನ್ನೋದು ಇದೆಲ್ಲ ಆದಮೇಲಿನ ಮಾತು.

ದೇವಿಮನೆ ತಿರುವು
ಒಂದು ಪ್ರಶ್ನೆ ಉಳೀತು ಮಾರಾಯ್ರೇ. ಇಳಿಜಾರಲ್ಲಿ ಸಲೀಸು ಅಂದಿರಲ್ಲ, ಅಲ್ಲಿ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡ್ತೀರೋ, ಉರುಳಿಸಿ ಸೆಕೆಂಡ್ ಗೇರಿಗೆ ಕ್ಲಚ್ ಬಿಡ್ತೀರೋ?

ಯಾಣದ ದಾರಿ, ಶಿರಸಿ
ಉರುಳಿಸಿಯೇ. ಎರಡು ಮಾರು ಹೋದರೆ ಸಾಕು, ಸ್ಟಾರ್ಟ್ ಆಗ್ತದೆ.

ದೇವಿಮನೆ ತಿರುವು
ಹಾಗಾದರೆ ಇಳಿಜಾರು ಎರಡು ದೋಷವನ್ನು ಒಟ್ಟಿಗೇ ಮುಚ್ತಿದೆ. ಘಟ್ಟದ ಮೇಲಿನ ಗಾಡಿಗಳಲ್ಲಿ ಹಾರ್ಡ್ ಸ್ಟಾರ್ಟಿಂಗ್ ತಿಂಗಳುಗಟ್ಟಲೆ ಸಿಗದೇ ಇರೋದು ಇದರಿಂದಲೇ.

ಮೂತಿ ಕೆಳಗಿದ್ದರೆ ಟ್ಯಾಂಕು, ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗಿಂತ ಎತ್ತರಕ್ಕೆ ಬರ್ತದೆ. ಲೈನಿನಲ್ಲಿ ಎಲ್ಲಾದರೂ ಸೂಜಿಮೊನೆಯ ತೂತಿದ್ದರೂ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯೋದಿಲ್ಲ. ಅದು ಒಂದು. ಇನ್ನೊಂದು, ಗೇರಿನಲ್ಲಿ ಉರುಳಿಸಿದಾಗ ಎಂಜಿನ್ ಸೆಲ್ಫಿಗಿಂತ ಎಷ್ಟೋ ಜೋರಾಗಿ ತಿರುಗ್ತದೆ, ಹಾಗಾಗಿ ಬ್ಯಾಟರಿ, ವಯರು, ಸೆಲ್ಫ್ ಮೋಟರಿನ ಕೊರತೆ ಕಾಣೋದೇ ಇಲ್ಲ. ಯಾವುದರಿಂದ ಸ್ಟಾರ್ಟ್ ಆಯ್ತು ಅಂತ ಹೇಗೆ ಹೇಳ್ತೀರಿ?

ಮೂರು ಬೆಳಗು ಕೊಡಿ.

ಮೊದಲ ದಿನ ಗಾಡಿ ಸಮತಟ್ಟಿನಲ್ಲಿರಲಿ, ಏನನ್ನೂ ಮುಟ್ಟದೆ ಸೆಲ್ಫ್. ಮರುದಿನ ಅದೇ ಜಾಗ, ಆದರೆ ಕೀ ಹಾಕುವ ಮೊದಲು ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್, ಅಂದರೆ ಕೈಯಿಂದ ಡೀಸೆಲ್ ತುಂಬಿಸುವ ಗುಂಡಿ, ಒತ್ತಿ. ಕೈಗೆ ಗಟ್ಟಿ ಸಿಗುವ ತನಕ ಎಷ್ಟು ಸಲ ಒತ್ತಬೇಕಾಯ್ತು ಎಣಿಸಿ, ಆಮೇಲೆ ಸೆಲ್ಫ್. ಮೂರನೇ ದಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಉರುಳಿಸದೆ ಬರೀ ಸೆಲ್ಫಿನಲ್ಲಿ.

ಎರಡು–ಮೂರು ಒತ್ತಿಗೆ ಪ್ರೈಮರ್ ಗಟ್ಟಿಯಾದರೆ ಲೈನ್ ತುಂಬಿದೆ. ಹದಿನೈದು, ಇಪ್ಪತ್ತು ಬೇಕಾದರೆ ರಾತ್ರಿ ಖಾಲಿಯಾಗಿದೆ.

ಆಂಪಿಯರ್ ಅಂಕೋಲಾ
ಆ ಮೂರೂ ದಿನ ಮೊಬೈಲಿನಲ್ಲಿ ಸೆಲ್ಫಿನ ಶಬ್ದ ರೆಕಾರ್ಡ್ ಮಾಡಿ. ಆರ್‌ಪಿಎಂ ಮೀಟರ್ ಬೇಕಾಗಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಕಂಪ್ರೆಷನ್ ಏರ್ತದೆ. ಆ ‘ಚಗ್, ಚಗ್’ ಅದೇ. ನಿಧಾನಗತಿಯಲ್ಲಿ ಕೇಳಿ 3 ಸೆಕೆಂಡಿಗೆ ಎಷ್ಟು ಬಂತು ಎಣಿಸಿ. 20 ಬಂದರೆ 200 ಆರ್‌ಪಿಎಂ, 15 ಬಂದರೆ 150, 10 ಬಂದರೆ 100. ತಣ್ಣಗಿರುವ ಡಿಐ ಎಂಜಿನ್ನಿಗೆ 150ರ ಕೆಳಗೆ ಕಷ್ಟ, 200ರ ಆಸುಪಾಸು ಇದ್ದರೆ ನೆಮ್ಮದಿ.

ನಿಧಾನ ಆದರೆ ಯಾಕೆ ಹೊತ್ತೋದಿಲ್ಲ ಅಂದರೆ, ಪಿಸ್ಟನ್ ಮೆಲ್ಲಗೆ ಏರಿದಷ್ಟೂ ಗಾಳಿ ರಿಂಗಿನ ಸಂದಿಯಿಂದ ಸೋರ್ತದೆ, ಉಳಿದ ಗಾಳಿಯ ಬಿಸಿಯನ್ನು ತಣ್ಣನೆ ಗೋಡೆ ನುಂಗ್ತದೆ. ಹೀಟರ್ ಪ್ಲಗ್ ಇಲ್ಲದ ಎಂಜಿನ್ನಿಗೆ ಆ ಬಿಸಿಯೇ ಬೆಂಕಿಕಡ್ಡಿ.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ಸೆಲ್ಫಿನ ಒಳಗಿನ ಬೆಸುಗೆ ಕರಗಿದರೆ ಹೊಸ ಖರ್ಚು.

ಬೇಡ್ತಿ ಕಡೆಯವ
ಇಷ್ಟೆಲ್ಲ ಯಾಕೆ, ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದರೆ ಒಂದೇ ಏಟಿಗೆ ಸ್ಟಾರ್ಟ್. ಶಿರಸಿ ಎತ್ತರದ ಊರು, ಡಿಸೆಂಬರ್ ಚಳಿಗೆ ಡೀಸೆಲ್ಲೂ ಗಟ್ಟಿಯಾಗ್ತದೆ. ಸೀಮೆಎಣ್ಣೆ ಬೆರೆಸಿ.

ನಾಝಲ್ ಮನೆ
ಪೆಟ್ರೋಲೂ ಬೇಡ, ಸೀಮೆಎಣ್ಣೆಯೂ ಬೇಡ, ಚಳಿಯ ನೆಪವೂ ಬೇಡ.

ಪಿಸ್ಟನ್ ತುತ್ತತುದಿ ಮುಟ್ಟುವ ಮೊದಲೇ ಪೆಟ್ರೋಲ್ ಆವಿ ಸಿಡೀತದೆ. ಏರ್ತಿರುವ ಪಿಸ್ಟನ್ನಿಗೆ ಮೇಲಿಂದ ಸುತ್ತಿಗೆ ಏಟು ಬಿದ್ದ ಹಾಗೆ. ರಿಂಗ್ ಮುರೀತದೆ, ರಿಂಗಿನ ನಡುವಿನ ದಂಡೆ ಒಡೀತದೆ. ನಿಜಕ್ಕೂ ಬೋರ್ ಕೆಲಸ ಬರೋದು ಆಗ. ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಗಾಳಿ ಒಳಗೆ ಹೋಗುವ ಇನ್ಟೇಕಿನಲ್ಲೇ ಬೆಂಕಿ.

ಡೀಸೆಲ್ ಗಟ್ಟಿಯಾಗೋದರ ಬಗ್ಗೆ: ನಮ್ಮ ದೇಶದ ಡೀಸೆಲ್ ಮಾನದಂಡ ಐಎಸ್ 1460. ಮೇಣ ಕಟ್ಟಿ ಫಿಲ್ಟರ್ ಮುಚ್ಚುವ ಉಷ್ಣತೆಯ ಮಿತಿ ಅದರಲ್ಲಿ ಚಳಿಗಾಲಕ್ಕೆ 6 ಡಿಗ್ರಿ, ಬೇಸಿಗೆಗೆ 18 ಡಿಗ್ರಿ. ಶಿರಸಿ, ಸಿದ್ದಾಪುರದ ಬೆಳಗಿನ ಚಳಿ ಮೈ ನಡುಗಿಸಬಹುದು, ಚಳಿಗಾಲದ ಡೀಸೆಲ್ಲನ್ನು ಮೇಣ ಕಟ್ಟಿಸುವಷ್ಟಿಲ್ಲ. ಇನ್ನು ಎತ್ತರ. ಸುಮಾರು 600 ಮೀಟರಿಗೆ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಕಮ್ಮಿ. ಸರಿಯಿರುವ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ಸೀಮೆಎಣ್ಣೆ ಪಂಪಿನ ಪ್ಲಂಜರನ್ನು ಸವೆಯದಂತೆ ಕಾಯುವ ಜಿಡ್ಡನ್ನೇ ತೆಗೀತದೆ, ಅಷ್ಟೇ ಲಾಭ.

ಬೋರ್ ಅಂದ ಗ್ಯಾರೇಜಿನವರು ಕಂಪ್ರೆಷನ್ ಗೇಜ್ ಹಾಕಿ ನೋಡಿ ಹೇಳಿದರೋ, ಹೊಗೆ ನೋಡಿ ಹೇಳಿದರೋ? ಗೇಜ್ ಹಾಕಿದ್ದರೂ ನಿಧಾನ ತಿರುಗುವ ಸೆಲ್ಫಿನಲ್ಲಿ ನೋಡಿದ ಅಂಕಿ ಸುಳ್ಳು ಹೇಳ್ತದೆ. ಮೊದಲು ಸೆಲ್ಫ್ ಸರಿಯಾಗಬೇಕು, ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸಂದಿ ಸರಿಯಿರಬೇಕು. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿದ್ದರೆ ಅಲ್ಲೇ ಸೋರಿಕೆ. ಆಮೇಲೆ 0ರಿಂದ 70 ಬಾರ್ ತನಕದ ಡೀಸೆಲ್ ಗೇಜ್ ಹಾಕಿ. ಪೆಟ್ರೋಲ್ ಗಾಡಿಯ ಗೇಜ್ ಹಾಳಾಗ್ತದೆ. 25ರಿಂದ 30 ಬಾರ್ ಬಂದರೆ ಎಂಜಿನ್ ಆರೋಗ್ಯವಾಗಿದೆ. 20ರ ಕೆಳಗೆ ಹೋದರೆ, ಅಥವಾ ಒಂದು ಸಿಲಿಂಡರ್ ಉಳಿದವಕ್ಕಿಂತ ನಾಲ್ಕೈದು ಬಾರ್ ಹಿಂದೆ ಬಿದ್ದರೆ ಮಾತ್ರ ಎಂಜಿನ್ ಹೆಡ್ ಬಿಚ್ಚುವ ಮಾತು.

ಕಾಳಿ ಸೇತುವೆ, ಕಾರವಾರ
ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿರೋದು ಮೀನಿನ ಪಿಕಪ್, ರೋಟರಿ ಪಂಪಿನದು. ಉಲ್ಟಾ ಕಾಯಿಲೆ. ಬೆಳಿಗ್ಗೆ ಬೈತಖೋಲ ಬಂದರಿನಲ್ಲಿ ಒಂದೇ ಏಟಿಗೆ ಸ್ಟಾರ್ಟ್, ಅಂಕೋಲಾ ಮುಟ್ಟಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಜಪ್ಪಯ್ಯ ಅಂದರೂ ಆಗೋದಿಲ್ಲ. ತಣ್ಣಗಾದ ಮೇಲೆ ಮತ್ತೆ ಸರಿ.

ನಾಝಲ್ ಮನೆ
ಪಂಪಿನ ಹೆಡ್, ಅಂದರೆ ಅದರೊಳಗೆ ಒತ್ತಡ ಏರಿಸುವ ಭಾಗ, ಸವೆದಿರುವ ಲಕ್ಷಣ. ಬಿಸಿಯಾದ ಡೀಸೆಲ್ ತೆಳುವಾಗ್ತದೆ, ಸವೆದ ರೋಟರಿನ ಸಂದಿಯಿಂದ ಜಾರ್ತದೆ, ಸೆಲ್ಫಿನ ವೇಗಕ್ಕೆ ನಾಝಲ್ ತೆರೆಯುವಷ್ಟು ಒತ್ತಡ ಏರೋದಿಲ್ಲ. ಇಂಥ ನಾಝಲ್ 200 ಬಾರ್ ಆಸುಪಾಸಿನಲ್ಲಿ ತೆರೀತದೆ, ಸರಿಯಾದ ಅಂಕಿ ಎಂಜಿನ್ನಿಂದ ಎಂಜಿನ್ನಿಗೆ ಬೇರೆ.

ಪರೀಕ್ಷೆ ಸುಲಭ. ಎಂಜಿನ್ ನಿಂತಿರುವಾಗ ಒದ್ದೆ ಗೋಣಿ ತುಂಡನ್ನು ಪಂಪಿಗೆ ಸುತ್ತಿ, ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಆಗ ಸ್ಟಾರ್ಟ್ ಆದರೆ ಪಂಪನ್ನು ಟೆಸ್ಟ್ ಬೆಂಚಿಗೆ ಕಳಿಸಿ. ಎಂಜಿನ್ ಓಡುವಾಗ ಮಾತ್ರ ಬಿಸಿ ಪಂಪಿನ ಮೇಲೆ ನೀರು ಸುರಿಯಬೇಡಿ, ಜಾಮ್ ಆಗಿ ಶಾಫ್ಟ್ ತುಂಡಾದೀತು. ಅದಕ್ಕೂ ಮೊದಲು ಬಿಸಿಯಲ್ಲಿ ಸ್ಟಾಪ್ ಸೊಲೆನಾಯ್ಡ್ (ಕರೆಂಟ್ ಬಂದಾಗ ಪಂಪಿಗೆ ಡೀಸೆಲ್ ಬಿಡುವ ವಾಲ್ವ್) ಕೆಲಸ ಮಾಡ್ತದಾ ನೋಡಿ: ಕೀ ಆನ್ ಇಟ್ಟು ಅದರ ವಯರು ತೆಗೆದು ಮುಟ್ಟಿಸಿದರೆ ‘ಟಕ್’ ಅನ್ನಬೇಕು.

ಯಾಣದ ದಾರಿ, ಶಿರಸಿ
ಮೂರು ದಿನದ ಲೆಕ್ಕ.

ಒಂದನೇ ದಿನ, ಸಮತಟ್ಟು: ನಾಲ್ಕು ಸಲ ಹೊಡೆದೆ. ಮೊದಲಿನ ಎರಡರಲ್ಲಿ ಹೊಗೆಯೇ ಇಲ್ಲ, ಮೂರನೆಯದರಲ್ಲಿ ಬಿಳಿ, ನಾಲ್ಕಕ್ಕೆ ಸ್ಟಾರ್ಟ್.
ಎರಡನೇ ದಿನ: ಪ್ರೈಮರ್ 18 ಒತ್ತಿಗೆ ಗಟ್ಟಿಯಾಯ್ತು. ಹೊಗೆ ಕೂಡಲೇ ಬಂತು, ಬಿಳಿ. ಎರಡನೇ ಸಲಕ್ಕೆ ಸ್ಟಾರ್ಟ್, ಅದೂ ಕುಂಟುತ್ತಾ.
ಮೂರನೇ ದಿನ, ಮೂತಿ ಕೆಳಗೆ, ಬರೀ ಸೆಲ್ಫ್: ಎರಡನೇ ದಿನದ ಹಾಗೇ.
ಶಬ್ದ ಎಣಿಸಿದ್ದು ಮೂರೂ ದಿನ 3 ಸೆಕೆಂಡಿಗೆ 13.

ದೇವಿಮನೆ ತಿರುವು
ಎರಡೂ ಇದೆ ಹಾಗಾದರೆ. ಡೀಸೆಲ್ ವಾಪಸ್ ಇಳೀತಿದೆ, ಅದಕ್ಕೇ ಮೊದಲ ದಿನ ಹೊಗೆ ತಡ. ಲೈನ್ ತುಂಬಿದ ಮೇಲೂ ಎರಡು ಸಲ ಹೊಡೆಯಬೇಕಾಯ್ತಲ್ಲ, ಅದು 130 ಆರ್‌ಪಿಎಂನ ಪಾಲು.

ಆಂಪಿಯರ್ ಅಂಕೋಲಾ
ಮೊದಲು ಕರೆಂಟು. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಬ್ಬರು ಸ್ಟಾಪ್ ಕೇಬಲ್ ಎಳೆದು ಹಿಡಿಯಲಿ, ಸ್ಟಾರ್ಟ್ ಆಗಬಾರದು, ಬರೀ ತಿರುಗಬೇಕು. ತಿರುಗುವಾಗಲೇ ಮೂರು ಅಳತೆ:

ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನೇ ಸಂಶಯಪಡಿ. ಆರೂ ಸೆಲ್ಲಿಗೆ ಆಸಿಡ್ಡಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಹಾಕಿ. ಒಂದು ಸೆಲ್ ಮಾತ್ರ 50 ಪಾಯಿಂಟ್ (0.050) ಕೆಳಗಿದ್ದರೆ ಆ ಬ್ಯಾಟರಿ ಹೋಯ್ತು, ವರ್ಷ ಒಂದೇ ಆಗಿರಲಿ.
ಬ್ಯಾಟರಿ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಎಷ್ಟು. ಅರ್ಧ ವೋಲ್ಟಿನ ಒಳಗಿರಬೇಕು.
ಬ್ಯಾಟರಿ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿನ ಬೋಳು ಕಬ್ಬಿಣಕ್ಕೆ ಎಷ್ಟು. 0.3ರ ಒಳಗಿರಬೇಕು.

ಮೊನೆಯನ್ನು ಸೀಸದ ಕಂಬಕ್ಕೇ ಚುಚ್ಚಿ, ಕ್ಲಾಂಪಿಗಲ್ಲ. ಕ್ಲಾಂಪಿಗೂ ಕಂಬಕ್ಕೂ ನಡುವೆ ಬಿಳಿ ಪುಡಿ ಇದ್ದರೆ ದೋಷವೇ ಅಳತೆಯಿಂದ ತಪ್ಪಿಸಿಕೊಳ್ತದೆ.

ಯಾಣದ ದಾರಿ, ಶಿರಸಿ
10.1. ಪ್ಲಸ್ ಕಡೆ 0.4. ಮೈನಸ್ ಕಡೆ 1.1.

ಆಂಪಿಯರ್ ಅಂಕೋಲಾ
ಸಿಕ್ಕಿತು. ಬ್ಯಾಟರಿಯಲ್ಲಿ 10.1 ಇದ್ದರೂ ಸೆಲ್ಫಿಗೆ ತಲುಪುತ್ತಿರೋದು 8.6. ಸೆಲ್ಫ್ 200 ಆಂಪಿಯರ್ ಎಳೀತದೆ ಅಂತ ಇಟ್ಟುಕೊಂಡರೆ 1 ವೋಲ್ಟ್ ನುಂಗಲು 5 ಮಿಲಿಓಮ್ ತಡೆ ಸಾಕು. ಅದನ್ನು ಮೀಟರಿನ ಓಮ್ ಕಡೆ ಇಟ್ಟು ನೋಡಿದರೆ ಏನೂ ಕಾಣೋದಿಲ್ಲ, ‘ವಯರ್ ಸರಿ ಇದೆ’ ಅನ್ನಿಸ್ತದೆ. ಟೆಸ್ಟ್ ಲ್ಯಾಂಪೂ ಚೆನ್ನಾಗೇ ಉರೀತದೆ.

ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ಬಿಚ್ಚಿ. ಹೊರಗೆ ಚೆಂದ ಇದ್ದರೂ ತುದಿಯ ತಗಡನ್ನು ಅಮುಕಿದ ಜಾಗದಲ್ಲಿ ಹಸಿರು ಪುಡಿ ಇರ್ತದೆ. ಹೊಸದು ಹಾಕುವಾಗ ಚಾಸಿಯ ಪೇಂಟನ್ನು ಬೆಳ್ಳಿ ಬಣ್ಣ ಕಾಣುವ ತನಕ ಕೆರೆದು, ಹಲ್ಲಿನ ವಾಷರ್ ಕೊಟ್ಟು ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಹಚ್ಚಿ. ಗ್ರೀಸ್ ಮೊದಲೇ ಹಚ್ಚಿ ಬಿಗಿಯುವವರಿದ್ದಾರೆ, ಹಾಗಲ್ಲ. ನನ್ನ ಕೇಳಿದರೆ ಬ್ಯಾಟರಿ ಮೈನಸ್ಸಿನಿಂದ ನೇರ ಸೆಲ್ಫಿನ ಬೋಲ್ಟಿಗೇ ಒಂದು 35 ಚದರ ಎಂಎಂ ಕೇಬಲ್ ಎಳೆಯೋದು ಒಳ್ಳೆಯದು.

ಕಾಳಿ ಸೇತುವೆಯವರೇ, ನೀವೂ ನೋಡಿ. ಐಸ್ ಕರಗಿದ ಮೀನಿನ ಉಪ್ಪುನೀರು ತೊಟ್ಟಿಕ್ಕುವ ಚಾಸಿಯಲ್ಲಿ ಅರ್ಥ್ ಪಟ್ಟಿ ಬಾಳೋದು ಕಮ್ಮಿ.

ಹದಿನೇಳರ ಪಾನಾ, ಕುಮಟಾ
ಈಗ ಏರ್. ಇದರ ತಮಾಷೆ ಏನೆಂದರೆ ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಲೈನ್ ಎಳೀತದೆ, ತಳ್ಳೋದಿಲ್ಲ. ಹಾಗಾಗಿ ತೂತಿನಿಂದ ಡೀಸೆಲ್ ಹೊರಗೆ ಬರದೆ ಗಾಳಿ ಒಳಗೆ ಹೋಗ್ತದೆ. ಒದ್ದೆ ಕಲೆ ಹುಡುಕಿಕೊಂಡು ಕೂತರೆ ಸಿಗೋದಿಲ್ಲ.

ಫೀಡ್ ಪಂಪಿಗೆ ಬರುವ ಪೈಪು ಕಳಚಿ, ನಡುವೆ ಒಂದು ಅಡಿ ಪಾರದರ್ಶಕ ಪೈಪ್ ಸೇರಿಸಿ, ಒಳಅಳತೆ 8 ಎಂಎಂ. ಎಂಜಿನ್ ಓಡಿಸಿ ನೋಡಿ. ಗುಳ್ಳೆ ಸಾಲುಗಟ್ಟಿ ಬಂದರೆ ದೋಷ ಟ್ಯಾಂಕಿನ ಕಡೆ. ಗುಳ್ಳೆ ಇಲ್ಲ ಆದರೆ ಬೆಳಿಗ್ಗೆ ಪೈಪ್ ಖಾಲಿ ಅಂದರೆ ಫೀಡ್ ಪಂಪಿನ ವಾಲ್ವ್, ಪ್ರೈಮರಿನ ಓರಿಂಗ್, ಫಿಲ್ಟರಿಗೆ ಪೈಪ್ ಸೇರಿಸುವ ಬ್ಯಾಂಜೋ ಬೋಲ್ಟಿನ ವಾಷರ್ ನೋಡಿ. ಫಿಲ್ಟರ್ ಎರಡು ತಿಂಗಳ ಹಿಂದೆ ಬದಲಿಸಿದಾಗ ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರೆ ಅದೇ ಸಾಕು. ಒಮ್ಮೆ ಅಮುಕಿದ ವಾಷರ್ ಮತ್ತೆ ಸರಿ ಕೂರೋದಿಲ್ಲ.

ಅನುಮಾನ ಪೂರ್ತಿ ತೀರಬೇಕಾದರೆ 5 ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದಲೇ ಫೀಡ್ ಪಂಪಿಗೆ ಕೊಟ್ಟು ಒಂದು ರಾತ್ರಿ ಬಿಡಿ.

ಟ್ಯಾಂಕ್ ಅರ್ಧಕ್ಕಿಂತ ಕಮ್ಮಿಯಾದಾಗ ಮಾತ್ರ ತೊಂದರೆ ಹೆಚ್ಚಾ? ಹಾಗಿದ್ದರೆ ಟ್ಯಾಂಕಿನೊಳಗಿನ ಎಳೆಯುವ ಕೊಳವೆಯೇ ಮೇಲ್ಗಡೆ ಬಿರುಕು ಬಿಟ್ಟಿರಬಹುದು.

ಬೇಡ್ತಿ ಕಡೆಯವ
ಲೈನಿಗೆ ಒಂದು ನಾನ್‌ರಿಟರ್ನ್ ವಾಲ್ವ್ ಹಾಕಿದರೆ ಮುಗೀತಲ್ಲ? ಡೀಸೆಲ್ ವಾಪಸ್ಸೇ ಹೋಗೋದಿಲ್ಲ.

ದೇವಿಮನೆ ತಿರುವು
ಅದು ಇನ್ನೊಂದು ಇಳಿಜಾರು! ಬೆಳಿಗ್ಗೆ ಸ್ಟಾರ್ಟ್ ಆಗ್ತದೆ, ಒಪ್ಪಿದೆ. ಆದರೆ ತೂತು ಹಾಗೇ ಇರ್ತದಲ್ಲ. ಲೋಡ್ ಹಾಕಿಕೊಂಡು ಘಟ್ಟ ಹತ್ತುವಾಗ ಎಳೆತ ಹೆಚ್ಚಾಗಿ ಅಲ್ಲಿಂದಲೇ ಗಾಳಿ ನುಗ್ಗಿ ತಿರುವಿನಲ್ಲಿ ಎಂಜಿನ್ ಮುಗ್ಗರಿಸ್ತದೆ. ಆಗ ಹಿಂದಿನಿಂದ ಬಸ್ಸು ಹಾರ್ನ್ ಹೊಡೀತಿರುವಾಗ ಪ್ರೈಮರ್ ಒತ್ತುತ್ತಾ ಕೂರಬೇಕು.

ಹದಿನೇಳರ ಪಾನಾ, ಕುಮಟಾ
ವಾಲ್ವಿಗೆ ನನ್ನದೂ ವಿರೋಧ. ಅಗ್ಗದ ವಾಲ್ವಿನ ಸ್ಪ್ರಿಂಗ್ ಫೀಡ್ ಪಂಪಿನ ಎಳೆತಕ್ಕೇ ತಡೆ ಕೊಡ್ತದೆ.

ಯಾಣದ ದಾರಿ, ಶಿರಸಿ
ಅರ್ಥ್ ಪಟ್ಟಿಯ ತುದಿ ಕೈಯಲ್ಲಿ ಹಿಡಿದು ತಿರುಚಿದರೆ ಹಸಿರು ಪುಡಿ ಉದುರಿತು, ಅರ್ಧ ಎಳೆ ತುಂಡಾಗಿತ್ತು. ಹೊಸದು ಹಾಕಿ, ನೇರ ಕೇಬಲ್ಲೂ ಎಳೆದೆ. ಮೈನಸ್ ಕಡೆ ಈಗ 0.15. 3 ಸೆಕೆಂಡಿಗೆ 19.

ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರ್ತಿದೆ, ಸಾಸಿವೆ ಕಾಳಿನಷ್ಟು ದೊಡ್ಡದು, ಬಿಡದೆ. ಟ್ಯಾಂಕ್ ತುಂಬಿದ್ದರೂ ಅಷ್ಟೇ. ಜಾಗ ಹೇಗೆ ಹಿಡಿಯೋದು?

ಹದಿನೇಳರ ಪಾನಾ, ಕುಮಟಾ
ಟ್ಯಾಂಕಿನ ಕಡೆ ಲೈನನ್ನು ಕಳಚಿ ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಎಂಜಿನ್ ಕಡೆಯ ತುದಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡಿ, ಅರ್ಧ ಬಾರ್ ಸಾಕು. ಟ್ಯಾಂಕಿಗೆ ಮಾತ್ರ ಗಾಳಿ ತುಂಬಬೇಡಿ. ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚುತ್ತಾ ಹೋಗಿ. ಚಾಸಿಗೆ ಲೈನ್ ಹಿಡಿದಿರುವ ಪ್ರತಿ ಕ್ಲಿಪ್ಪನ್ನೂ ತೆಗೆದು ಅದರ ಅಡಿ ನೋಡಿ. ಕ್ಲಿಪ್ಪಿನ ರಬ್ಬರ್ ಒಳಗೆ ಮಳೆಗಾಲದ ಕೆಸರು ಕೂತರೆ ವರ್ಷವಿಡೀ ತೇವ ಹಿಡೀತದೆ, ಕಬ್ಬಿಣದ ಪೈಪು ಅಲ್ಲೇ ತಿನ್ನಿಸಿಕೊಳ್ಳೋದು.

ಯಾಣದ ದಾರಿ, ಶಿರಸಿ
ಕ್ಯಾಬಿನ್ ಕೆಳಗಿನ ಎರಡನೇ ಕ್ಲಿಪ್. ತೆಗೆದ ಕೂಡಲೇ ನೊರೆ. ತೂತು ಕಣ್ಣಿಗೆ ಕಾಣೋದಿಲ್ಲ, ತುಕ್ಕಿನ ಹಕ್ಕಳೆಯನ್ನು ಉಗುರಿನಲ್ಲಿ ಎಬ್ಬಿಸಿದ ಮೇಲೆ ಸೂಜಿಮೊನೆಯಷ್ಟು. ಎಂಸೀಲ್ ಮೆತ್ತಬಹುದಾ?

ಹದಿನೇಳರ ಪಾನಾ, ಕುಮಟಾ
ಬೇಡ. ಎಂಜಿನ್ ನಡುಗುವಾಗ ಬಿರುಕು ಬಿಡ್ತದೆ. ಲೈನ್ ಪೂರ್ತಿ ಬದಲಿಸೋದು ಉತ್ತಮ. ಸದ್ಯಕ್ಕೆ ಬೇಕಾದರೆ ತುಕ್ಕು ಹಿಡಿದ ಭಾಗವನ್ನು ಎರಡೂ ಕಡೆ ಒಳ್ಳೆ ಕಬ್ಬಿಣ ಸಿಗುವ ತನಕ ಕೊಯ್ದು, ತುದಿಗಳಿಗೆ ಉಬ್ಬು ಹೊಡೆಸಿ, ಡೀಸೆಲ್ ತಡೆಯುವ ರಬ್ಬರ್ ಹೋಸ್ ಹಾಕಿ ಪ್ರತಿ ತುದಿಗೂ ಸ್ಕ್ರೂ ಕ್ಲಿಪ್ ಬಿಗಿಯಿರಿ. ನೀರಿನ ಪೈಪ್ ಹಾಕಿದರೆ ಡೀಸೆಲ್ಲಿಗೆ ಉಬ್ಬಿ ಮೆತ್ತಗಾಗ್ತದೆ. ಕೊಯ್ದ ಚೂರು ಒಳಗೆ ಉಳಿಯದಂತೆ ಊದಿ ತೆಗೆಯಿರಿ. ಫೀಡ್ ಪಂಪಿನ ಒಳಬರುವ ಬ್ಯಾಂಜೋ ಬೋಲ್ಟಿನೊಳಗೆ ಸಣ್ಣ ಜಾಲರಿ ಇದ್ದರೆ ಅದನ್ನೂ ತೊಳೆಯಿರಿ.

ಆಮೇಲೆ ಏರ್ ತೆಗೆಯೋದು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಪ್ರೈಮರ್ ಒತ್ತಿ. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಒತ್ತುತ್ತಲೇ ಸ್ಕ್ರೂ ಬಿಗಿಯಿರಿ. ಕೈ ಬಿಟ್ಟು ಬಿಗಿದರೆ ಮತ್ತೆ ಗಾಳಿ ಒಳಗೆ. ಪಂಪಿನ ಮೇಲಿನ ಸ್ಕ್ರೂಗೂ ಹೀಗೇ. ಕೊನೆಗೆ ಎರಡು ನಾಝಲ್ಲಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸಾಮಾನ್ಯವಾಗಿ 17ರ ಇಲ್ಲವೇ 19ರ ಪಾನಾ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್. ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯಿರಿ.

ಈ ಕೊನೆಯ ಹೆಜ್ಜೆಯನ್ನು ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಗಾಡಿಯವರು ಮಾಡಲೇಬಾರದು. ಆ ಪೈಪಿನ ಒತ್ತಡ 1000 ಬಾರ್ ದಾಟ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ.

ಕಾಳಿ ಸೇತುವೆ, ಕಾರವಾರ
ಒದ್ದೆ ಗೋಣಿ ಸುತ್ತಿದೆ, ಎರಡು ಸಲ ಪರೀಕ್ಷೆ, ಎರಡು ಸಲವೂ ಸ್ಟಾರ್ಟ್. ಸೊಲೆನಾಯ್ಡ್ ‘ಟಕ್’ ಅಂತಿದೆ. ಪಂಪ್ ಇಳಿಸ್ತೇನೆ.

ನಾಝಲ್ ಮನೆ
ಇಳಿಸುವ ಮೊದಲು ಪಂಪಿನ ಫ್ಲಾಂಜಿಗೂ ಎಂಜಿನ್ನಿಗೂ ಸೇರಿದಂತೆ ಉಳಿಯಿಂದ ಒಂದು ಗೆರೆ ಎಳೆಯಿರಿ, ಟೈಮಿಂಗ್ ಹುಡುಕುವ ಕಷ್ಟ ಅರ್ಧ ತಪ್ಪುತ್ತದೆ. ಪೈಪ್ ತುದಿಗಳಿಗೆಲ್ಲ ಕ್ಯಾಪ್ ಹಾಕಿ. ಬಂದರಿನ ಮರಳು ಒಂದು ಕಾಳು ಹೋದರೂ ಹೊಸ ಹೆಡ್ಡಿಗೆ ಗೀರು.

ಯಾಣದ ದಾರಿ, ಶಿರಸಿ
ಹೋಸ್ ಹಾಕಿ ಎರಡು ಬೆಳಗಾಯ್ತು, ಸಮತಟ್ಟಿನಲ್ಲೇ ನಿಲ್ಲಿಸಿದ್ದೆ. ಪ್ರೈಮರ್ ಎರಡು ಒತ್ತಿಗೆ ಗಟ್ಟಿ. ಎರಡು ಸೆಕೆಂಡಿನಲ್ಲಿ ಸ್ಟಾರ್ಟ್. ಮೊದಲ ಅರ್ಧ ನಿಮಿಷ ತೆಳು ಬಿಳಿ ಹೊಗೆ ಬಂದು ನಿಲ್ತದೆ. ನಾಝಲ್ ಬಿಚ್ಚಿಸಲಾ?

ನಾಝಲ್ ಮನೆ
ಅಷ್ಟಕ್ಕೆ ಬೇಡ. ಹೊಗೆ ಐದು ನಿಮಿಷ ಎಳೆದರೆ, ಅಥವಾ ಐಡಲಿನಲ್ಲಿ ಒಂದು ಸಿಲಿಂಡರ್ ತಪ್ಪುತ್ತಿದ್ದರೆ ಆಗ ನಾಲ್ಕನ್ನೂ ಬೆಂಚಿನ ಮೇಲೆ ನೋಡೋಣ. ಬಿಚ್ಚಿದರೆ ಅಡಿಯ ತಾಮ್ರದ ವಾಷರ್ ಹೊಸದೇ ಆಗಬೇಕು.

ದೇವಿಮನೆ ತಿರುವು
ಆ ಪಾರದರ್ಶಕ ಪೈಪ್ ತೆಗೆದಿರಾ? ಎಂಜಿನ್ ಬಿಸಿಗೆ ಅದು ಒಂದು ವಾರದಲ್ಲಿ ಕಡ್ಡಿಯ ಹಾಗೆ ಗಟ್ಟಿಯಾಗಿ ಕ್ಲಿಪ್ಪಿನ ಬುಡದಲ್ಲೇ ಸೀಳ್ತದೆ.

ಯಾಣದ ದಾರಿ, ಶಿರಸಿ
ಇಲ್ಲ, ಈಗ ಹೋಗಿ ತೆಗೀತೇನೆ.